ಫೈಲಕಾ: ಮನೆಗಳಿವೆ, ಮನೆಯವರಿಲ್ಲ

ಕುವೈತಿಗೂ ದ್ವೀಪಗಳಿವೆ ಎಂದರೆ ಊರಿನಲ್ಲಿ ಯಾರೂ ಸುಲಭದಲ್ಲಿ ನಂಬುವುದಿಲ್ಲ. ಕುವೈತ್ ಎಂದರೆ ನಮ್ಮ ಕರಾವಳಿಯವರಿಗೆ ಮರಳು, ಬಿಸಿಲು, ಪೆಟ್ರೋಲ್ ಮತ್ತು ದೀನಾರ್. ಆದರೆ ಆ ಪುಟ್ಟ ದೇಶಕ್ಕೆ ಒಂಬತ್ತು ದ್ವೀಪಗಳಿವೆ. ಹೆಚ್ಚಿನವು ಬರಿಯ ಉಪ್ಪು ನೆಲ, ಹಕ್ಕಿಗಳಿಗೆ ಬಿಟ್ಟ ಜಾಗ. ಇತ್ತೀಚಿನ ಕಾಲದವರೆಗೂ ಜನರು ಮನೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ಊರೆಂದು ಬಾಳಿದ್ದು ಫೈಲಕಾದಲ್ಲಿ ಮಾತ್ರ. ರಾಜಧಾನಿಯಿಂದ ಸುಮಾರು 20 ಕಿಲೋಮೀಟರ್ ದೂರ, ವಿಸ್ತೀರ್ಣ 43 ಚದರ ಕಿಲೋಮೀಟರ್. ಕುವೈತಿಗಳು ತಮ್ಮ ಆಡುಮಾತಿನಲ್ಲಿ ಅದನ್ನು 'ಫೈಲಿಚ' ಎನ್ನುತ್ತಾರೆ.

ನಾವು ಸಾಲ್ಮಿಯಾದ ಬಾಡಿಗೆ ಫ್ಲ್ಯಾಟಿನಲ್ಲಿದ್ದ ವರ್ಷಗಳಲ್ಲಿ, 2009ರ ಫೆಬ್ರವರಿಯ ಒಂದು ಶನಿವಾರ ಅಲ್ಲಿಗೆ ಹೋಗಿ ಬಂದೆವು. ಕುವೈತಿನಲ್ಲಿ 2007ರಿಂದ ಶುಕ್ರವಾರ ಮತ್ತು ಶನಿವಾರ ವಾರದ ರಜೆ. ಶುಕ್ರವಾರ ಹೇಗೂ ಜುಮಾ, ಬಿರಿಯಾನಿ, ಬಟ್ಟೆ ಒಗೆಯುವುದು, ಊರಿಗೆ ಫೋನ್ ಮಾಡುವುದು ಇವುಗಳಲ್ಲೇ ಮುಗಿಯುತ್ತದೆ. ಗಲ್ಫ್‌ನಲ್ಲಿರುವ ಗೃಹಿಣಿಯರೆಂದರೆ ಸದಾ ಸುತ್ತಾಡುವವರು ಎಂದು ಊರಿನ ಸಹೋದರಿಯರು ಭಾವಿಸುವುದುಂಟು. ನಿಜವೇನೆಂದರೆ, ನಾಲ್ಕನೇ ಮಹಡಿಯ ಕಿಟಕಿಯಿಂದ ಎದುರಿನ ಕಟ್ಟಡದ ನಾಲ್ಕನೇ ಮಹಡಿಯ ಕಿಟಕಿ ಕಾಣುತ್ತದೆ, ಅಷ್ಟೇ. ಆದ್ದರಿಂದ ನಮ್ಮವರು "ಈ ಶನಿವಾರ ಫೈಲಕಾಕ್ಕೆ ಹೋಗೋಣ" ಎಂದಾಗ ಮಕ್ಕಳಿಗಿಂತ ಹೆಚ್ಚು ಸಂಭ್ರಮ ನನಗೆ.

ಹಿಂದಿನ ದಿನ ಊರಿಗೆ ಫೋನ್ ಮಾಡಿದಾಗ ಮಾವನವರಿಗೆ ವಿಷಯ ತಿಳಿಸಿದೆ. ಅವರು ಹದಿನಾಲ್ಕು ವರ್ಷ ಇದೇ ಸಾಲ್ಮಿಯಾದಲ್ಲಿ ದರ್ಜಿಯಾಗಿದ್ದವರು.

"ಫೈಲಕಾವಾ ಮಗಳೇ? ನಾನು ಒಮ್ಮೆಯೂ ಹೋಗಿಲ್ಲ. ಅಲ್ಲಿಯವರೇ ನಮ್ಮಲ್ಲಿಗೆ ಬರುತ್ತಿದ್ದರು. ಹಬ್ಬಕ್ಕೆ ಹದಿನೈದು ದಿನ ಇರುವಾಗ ದೋಣಿಯಲ್ಲಿ ಬಂದು ಅಳತೆ ಕೊಟ್ಟು ಹೋಗುವವರು. ಒಳ್ಳೆಯ ಜನ, ಚೌಕಾಸಿ ಮಾಡುತ್ತಿರಲಿಲ್ಲ" ಎಂದರು. ಸ್ವಲ್ಪ ತಡೆದು, "90ರಲ್ಲಿ ಅವರ ಐದಾರು ಜೋಡಿ ಬಟ್ಟೆ ಹೊಲಿದು ನೇತು ಹಾಕಿದ್ದೆ. ಅದನ್ನು ಅಲ್ಲೇ ಬಿಟ್ಟು ಬಂದೆ" ಎಂದರು.

1990ರ ಆಗಸ್ಟ್ 2ರ ಬೆಳಿಗ್ಗೆ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಕಥೆ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂದಿಗೂ ಮನೆಮಾತು. ಬಸ್ಸಿನಲ್ಲಿ ಬಸ್ರಾ, ಬಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿಯ ಮರುಭೂಮಿಯ ಡೇರೆಗಳು, ಕೊನೆಗೆ ಅಮ್ಮಾನ್. ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು 488 ಹಾರಾಟಗಳಲ್ಲಿ ಸುಮಾರು 1.7 ಲಕ್ಷ ಭಾರತೀಯರನ್ನು ತಾಯ್ನಾಡಿಗೆ ತಂದವು. ನಮ್ಮ ಮಾವನವರೂ ಅವರಲ್ಲೊಬ್ಬರು. ಒಂದು ಕೈಚೀಲ ಹಿಡಿದು ಮುಂಬಯಿಯಲ್ಲಿ ಇಳಿದವರು ಮತ್ತೆ ಗಲ್ಫಿಗೆ ಹೋಗಲಿಲ್ಲ. ಆದರೆ ನಾವು ಹೊರದೇಶದವರು, ಹಿಂದಿರುಗಲು ನಮಗೊಂದು ಊರಿತ್ತು. ಫೈಲಕಾದವರಿಗೆ ಅದೇ ಊರು.

ಬೆಳಿಗ್ಗೆ ಸಾಲ್ಮಿಯಾದ ಕಡಲ ತೀರದಿಂದ ಫೆರ್ರಿ ಹೊರಟಿತು. ಕಾರುಗಳನ್ನೂ ಹೊತ್ತೊಯ್ಯುವ ನಿಧಾನದ ದೋಣಿ, ತಲುಪಲು ಒಂದು ಗಂಟೆಗೂ ಹೆಚ್ಚು. ಫೆಬ್ರವರಿಯ ಕುವೈತನ್ನು ನೋಡದವರಿಗೆ ಆ ದೇಶ ಅರ್ಧ ಮಾತ್ರ ಗೊತ್ತು. ಗಾಳಿಯಲ್ಲಿ ಚಳಿ, ಬಿಸಿಲಿನಲ್ಲಿ ಹಿತ. ಕಡಲಹಕ್ಕಿಗಳು ದೋಣಿಯ ಹಿಂದೆಯೇ ಹಾರಿ ಬಂದವು. ಮಗಳು ಖುಬ್ಬೂಸ್ ಚೂರು ಮಾಡಿ ಎಸೆದಂತೆ ಅವು ನೀರಿಗೆ ಬೀಳುವ ಮೊದಲೇ ಹಿಡಿಯುತ್ತಿದ್ದವು. ಹಿಂದೆ ಕುವೈತ್ ಟವರ್ಸ್‌ನ ನೀಲಿ ಗೋಲಗಳು ಚಿಕ್ಕದಾಗುತ್ತಾ ಹೋದವು. ಕಡಲ ನೀರು ಮಾತ್ರ ನಮ್ಮ ಮಲ್ಪೆಯದ್ದಕ್ಕಿಂತ ಬೇರೆ. ಅಲೆಯಿಲ್ಲ, ಅಬ್ಬರವಿಲ್ಲ, ತಟ್ಟೆಯಲ್ಲಿ ಹೊಯ್ದಿಟ್ಟಂತೆ ಇರುತ್ತದೆ.

ನಮ್ಮ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಮಕ್ಕಳನ್ನು ನೋಡಿ ನಗುತ್ತಿದ್ದರು. ಕಪ್ಪು ಅಬಾಯ, ಕೈಯಲ್ಲಿ ತಸ್ಬೀಹ್, ಕಾಲ ಬಳಿ ಮೂರು ಪ್ಲಾಸ್ಟಿಕ್ ಚೀಲ, ಒಂದು ಥರ್ಮಾಸ್. ಜೊತೆಗೆ ಮಗ ಮತ್ತು ಇಬ್ಬರು ಮೊಮ್ಮಕ್ಕಳು. ಅರಬಿಗಳು ಹಿರಿಯ ಹೆಂಗಸರನ್ನು 'ಖಾಲ' ಎನ್ನುತ್ತಾರೆ, ನಮ್ಮ ಉರ್ದು ಮನೆಗಳಲ್ಲಿ ಖಾಲಾ ಎನ್ನುವಂತೆಯೇ. ನಾನೂ ಹಾಗೆಯೇ ಕರೆದು ಸಲಾಮ್ ಹೇಳಿದೆ. ನನ್ನ ಅರೆಬರೆ ಅರಬಿಗೆ ಅವರು ತಮ್ಮ ಅರೆಬರೆ ಹಿಂದಿಯಲ್ಲಿ ಉತ್ತರ ಕೊಟ್ಟಾಗ ನನಗೇ ಆಶ್ಚರ್ಯ. ಕುವೈತಿನ ಹಳೆಯ ತಲೆಮಾರಿಗೆ ಹಿಂದಿ ಅಪರಿಚಿತವಲ್ಲ. 1961ರಲ್ಲಿ ದೀನಾರ್ ಬರುವವರೆಗೆ ಅಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿ. ಅಲ್ಲಿನ ಹಾಯಿ ಹಡಗುಗಳು ಬಸ್ರಾದ ಖರ್ಜೂರ ಹೇರಿಕೊಂಡು ಮುಂಬಯಿ, ಮಂಗಳೂರು, ಕಲ್ಲಿಕೋಟೆಗಳಿಗೆ ಬಂದು ಮರಮಟ್ಟು ತುಂಬಿಸಿಕೊಂಡು ಹೋಗುತ್ತಿದ್ದವು. ಆ ಹಡಗುಗಳನ್ನು ಕಟ್ಟುತ್ತಿದ್ದುದೂ ಮಲಬಾರಿನ ಸಾಗುವಾನಿಯಿಂದಲೇ.

"ಯಾವ ಊರು?" ಎಂದು ಕೇಳಿದರು.

"ಮಂಗಳೂರಿನ ಹತ್ತಿರ."

"ಮಂಗ್ಲೂರ್!" ಎಂದು ತೊಡೆ ತಟ್ಟಿಕೊಂಡರು. ಅವರ ತಂದೆ ಹಡಗಿನಲ್ಲಿ ದುಡಿದವರಂತೆ, ಮಂಗಳೂರಿಗೂ ಬಂದಿದ್ದರಂತೆ. "ನಮ್ಮ ಮನೆಯ ಬಾಗಿಲು ನಿಮ್ಮ ಕಡೆಯ ಮರದ್ದು" ಎಂದರು.

ಖಾಲ ಹುಟ್ಟಿ, ಮದುವೆಯಾಗಿ, ಏಳು ಮಕ್ಕಳನ್ನು ಹೆತ್ತದ್ದು ಫೈಲಕಾದಲ್ಲಿ. ಈಗ ನಗರದಲ್ಲಿ ಮಗನ ದೊಡ್ಡ ಮನೆಯಲ್ಲಿದ್ದಾರೆ. ಚಳಿಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಮಗ ದ್ವೀಪಕ್ಕೆ ಕರೆದುಕೊಂಡು ಹೋಗಲೇಬೇಕು, ಇಲ್ಲವಾದರೆ ಊಟ ಬಿಡುತ್ತಾರೆ! ಇದನ್ನು ಹೇಳಿದ್ದು ಮಗ.

ದ್ವೀಪದಲ್ಲಿ ಇಳಿದಾಗ ಮೊದಲು ಕಂಡದ್ದು ಪಿಕ್‌ನಿಕ್‌ನ ಗೌಜಿ. ಬಾಡಿಗೆಗೆ ಸೈಕಲ್, ಕುದುರೆ, ಒಂಟೆ. ಹಳೆಯ ಕಾಲದ ಮನೆಗಳ ಮಾದರಿ ಮಾಡಿಟ್ಟ ಪುಟ್ಟ ಪ್ರದರ್ಶನ, ಹೋಟೆಲು, ಮಕ್ಕಳಿಗೆ ದೋಣಿ ವಿಹಾರ. ಇದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ, ಎಲ್ಲ ಪಿಕ್‌ನಿಕ್ ತಾಣಗಳಂತೆಯೇ ಇದೆ. ಬೇಲಿ ದಾಟಿ ನಾಲ್ಕು ಹೆಜ್ಜೆ ನಡೆದರೆ ನಿಜವಾದ ಫೈಲಕಾ ಆರಂಭವಾಗುತ್ತದೆ.

ಅದು ಝೋರ್ ಎಂಬ ಊರು, ದ್ವೀಪದ ಮುಖ್ಯ ವಸತಿ. ರಸ್ತೆಗಳಿವೆ, ದೀಪದ ಕಂಬಗಳಿವೆ, ಶಾಲೆಯಿದೆ, ಬ್ಯಾಂಕಿನ ಕಟ್ಟಡವಿದೆ. ಸಾಲು ಸಾಲಾಗಿ ಮನೆಗಳು. ಆದರೆ ಕಿಟಕಿಗಳಿಗೆ ಗಾಜಿಲ್ಲ, ಬಾಗಿಲುಗಳಿಗೆ ಹಲಗೆಯಿಲ್ಲ. ಬ್ಯಾಂಕಿನ ಗೋಡೆ ಗುಂಡೇಟಿನಿಂದ ಜಾಲರಿಯಂತಾಗಿದೆ. ದ್ವೀಪದ ಇನ್ನೊಂದು ಕಡೆ ತುಕ್ಕು ಹಿಡಿದ ಟ್ಯಾಂಕುಗಳು, ಸೈನ್ಯದ ವಾಹನಗಳು ಬಿಸಿಲಿಗೆ ಬಿದ್ದಿವೆ. ಮಗ ಅವುಗಳ ಮೇಲೆ ಹತ್ತಲು ಓಡಿದ. ನಮ್ಮವರು ಅವನನ್ನು ತಡೆದು, ನೆಲದಲ್ಲಿ ಬಿದ್ದ ಯಾವ ಲೋಹದ ತುಂಡನ್ನೂ ಮುಟ್ಟಬಾರದು ಎಂದು ಇಬ್ಬರು ಮಕ್ಕಳಿಗೂ ಎರಡೆರಡು ಸಲ ಹೇಳಿದರು. ಯುದ್ಧದ ನಂತರ ನೆಲಬಾಂಬುಗಳನ್ನು ತೆಗೆದು ಸ್ವಚ್ಛಗೊಳಿಸಿದ್ದರೂ ದಾರಿ ಬಿಟ್ಟು ಹೋಗದಿರುವುದೇ ಲೇಸು.

ಯುದ್ಧಕ್ಕೆ ಮೊದಲು ಇಲ್ಲಿ ಎರಡು ಸಾವಿರದಷ್ಟು ಜನರಿದ್ದರು. ಇರಾಕಿ ಸೈನ್ಯ ಅವರನ್ನೆಲ್ಲ ಹೊರಡಿಸಿ ದ್ವೀಪವನ್ನು ತನ್ನ ಠಾಣೆಯಾಗಿ ಮಾಡಿಕೊಂಡಿತು. ತೀರಗಳಲ್ಲಿ ನೆಲಬಾಂಬು ಹೂತಿತು. 1991ರ ಫೆಬ್ರವರಿಯಲ್ಲಿ ಅಮೆರಿಕದ ಯುದ್ಧನೌಕೆಗಳು ದ್ವೀಪದ ಮೇಲೆ ಗುಂಡಿನ ಮಳೆ ಸುರಿಸಿದವು. ಆ ಬಳಿಕ ನಡೆದ ಒಂದು ಘಟನೆ ಯುದ್ಧದ ಚರಿತ್ರೆಯಲ್ಲೇ ದಾಖಲಾಗಿದೆ. ನೌಕೆಯಿಂದ ಹಾರಿಬಂದ ಚಾಲಕನಿಲ್ಲದ ಪುಟ್ಟ ವಿಮಾನವನ್ನು ಕಂಡ ಇರಾಕಿ ಸೈನಿಕರು, ಇದರ ಹಿಂದೆಯೇ ಫಿರಂಗಿ ಗುಂಡು ಬರುತ್ತದೆ ಎಂದು ಅರಿತು, ಬಿಳಿ ಬಟ್ಟೆ ಬೀಸಿ ಅದಕ್ಕೇ ಶರಣಾದರು. ಮನುಷ್ಯನಿಲ್ಲದ ಯಂತ್ರಕ್ಕೆ ಮನುಷ್ಯರು ಶರಣಾದ ಮೊದಲ ಪ್ರಸಂಗ ಅದು. ಆ ಡ್ರೋನ್ ಈಗ ಅಮೆರಿಕದ ವಸ್ತುಸಂಗ್ರಹಾಲಯದಲ್ಲಿದೆ. ದ್ವೀಪದಿಂದ ಸುಮಾರು 1400 ಇರಾಕಿ ಸೈನಿಕರನ್ನು ಸೆರೆಹಿಡಿದು ಕರೆದೊಯ್ಯಲಾಯಿತು. ಅವರೂ ಯಾರದೋ ಮಕ್ಕಳೇ ಎಂದು, ಆ ಬಿಳಿ ಬಟ್ಟೆಗಳನ್ನು ನೆನೆದಾಗ ಅನಿಸದಿರದು.

ಯುದ್ಧ ಮುಗಿಯಿತು, ಕುವೈತ್ ಬಿಡುಗಡೆಯಾಯಿತು. ಆದರೆ ಫೈಲಕಾದವರು ಮರಳಿ ಬಂದು ನೆಲೆಸಲಿಲ್ಲ. ಸರಕಾರ ಅವರಿಗೆ ಪರಿಹಾರ ಕೊಟ್ಟಿತು, ನಗರದ ಕಡೆ ವಸತಿಗೆ ಏರ್ಪಾಡಾಯಿತು. ದ್ವೀಪದಲ್ಲಿ ಸೈನಿಕ ತರಬೇತಿ ನಡೆಯುತ್ತಿತ್ತು. 2002ರ ಅಕ್ಟೋಬರಿನಲ್ಲಿ ಹಾಗೆ ತರಬೇತಿಯಲ್ಲಿದ್ದ ಅಮೆರಿಕದ ಮರೀನ್ ಸೈನಿಕರ ಮೇಲೆ ದಾಳಿಯಾಗಿ ಒಬ್ಬ ಸತ್ತಾಗ ಫೈಲಕಾದ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಆದ್ದರಿಂದ ಗೋಡೆಯ ಮೇಲಿನ ಯಾವ ತೂತು 1990ರದ್ದು, ಯಾವುದು ನಂತರದ್ದು ಎಂದು ನನ್ನಂಥವಳು ಹೇಳಲಾರೆ.

ಒಂದು ಮನೆಯ ಹೊಸ್ತಿಲಲ್ಲಿ ನಾನು ನಿಂತೆ. ಒಳಗೆ ಹೋಗಲು ಮನಸ್ಸಾಗಲಿಲ್ಲ. ಬಾಗಿಲಿಲ್ಲದಿದ್ದರೂ ಅದು ಇನ್ನೊಬ್ಬರ ಮನೆ, ಅನುಮತಿ ಕೇಳಲು ಮಾತ್ರ ಯಾರೂ ಇಲ್ಲ. ಹೊರಗಿನಿಂದಲೇ ಅಡುಗೆಮನೆ ಕಾಣುತ್ತಿತ್ತು. ಹಸಿರು ಟೈಲ್ಸ್, ಗೋಡೆಯಲ್ಲಿ ಸಾಂಬಾರ ಡಬ್ಬಗಳನ್ನಿಡುವ ಗೂಡು, ಒಲೆಯ ಮೇಲೆ ಗೋಡೆ ಕಪ್ಪಾದ ಗುರುತು. ಹತ್ತೊಂಬತ್ತು ವರ್ಷಗಳ ಮಳೆ ಗಾಳಿ ಆ ಮಸಿಯನ್ನು ತೊಳೆದಿರಲಿಲ್ಲ. ಪುರುಷರು ಟ್ಯಾಂಕುಗಳ ಫೋಟೋ ತೆಗೆಯುತ್ತಿದ್ದರು. ನನಗೆ ಆ ಮಸಿಯೇ ಹೆಚ್ಚು ಕಾಡಿತು. ಆಗಸ್ಟ್ ತಿಂಗಳ ಆ ದಿನಗಳಲ್ಲಿ ಒಲೆಯ ಮೇಲೆ ಏನಿತ್ತೋ, ಅದನ್ನು ಇಳಿಸಲು ಸಮಯ ಸಿಕ್ಕಿತೋ ಇಲ್ಲವೋ.

ಖಾಲರ ಕುಟುಂಬದವರು ತಮ್ಮ ಹಳೆಯ ಮನೆಯ ಒಂದು ಕೋಣೆಯನ್ನು ಮಾತ್ರ ದುರಸ್ತಿ ಮಾಡಿಸಿಕೊಂಡಿದ್ದಾರೆ. ಮೀನು ಹಿಡಿಯಲು, ಚಳಿಗಾಲದ ರಜೆ ಕಳೆಯಲು ಹೀಗೆ ಬಂದು ಹೋಗುವ ಹಳಬರು ಕೆಲವರಿದ್ದಾರೆ. ಮಧ್ಯಾಹ್ನ ನಾವು ಅವರ ಜಗಲಿಯ ಪಕ್ಕವೇ ಚಾಪೆ ಹಾಸಿದೆವು, ಅವರೇ ಬಲವಂತ ಮಾಡಿ ಕರೆದದ್ದು. ಝುಹರ್ ನಮಾಝ್ ಮುಗಿಸಿ ನಾವು ಅಕ್ಕಿ ಪತ್ತಿರ್ ಮತ್ತು ಕೋಳಿ ಸುಕ್ಕದ ಡಬ್ಬ ಬಿಚ್ಚಿದರೆ, ಅವರು ಹುರಿದ ಝುಬೈದಿ ಮೀನಿಟ್ಟ ಅನ್ನದ ದೊಡ್ಡ ತಟ್ಟೆ ತಂದಿಟ್ಟರು. ಝುಬೈದಿ ಎಂದರೆ ನಮ್ಮ ಮಾಂಜಿಯೇ. ಕುವೈತಿಗಳಿಗೆ ಇದು ಮೀನುಗಳ ರಾಜ. ಖಾಲ ಪತ್ತಿರ್ ಮುರಿದು ಬಾಯಿಗಿಟ್ಟು, "ಅಕ್ಕಿಯದ್ದಾ? ಇಷ್ಟು ತೆಳು ಹೇಗೆ ಮಾಡಿದೆ ಬಿನ್ತಿ?" ಎಂದು ಕೇಳಿದರು. ನಾನು ಹಿಟ್ಟು ಬೇಯಿಸುವುದರಿಂದ ಹಿಡಿದು ಎಲ್ಲವನ್ನೂ ಕೈಸನ್ನೆಯಲ್ಲಿ ವಿವರಿಸಿದೆ. ಸುಕ್ಕ ಮಾತ್ರ ಅವರಿಗೆ ಖಾರವಾಯಿತು!

ಊಟವಾದ ಮೇಲೆ ಪುಟ್ಟ ಇಸ್ತಿಕಾನ ಲೋಟಗಳಲ್ಲಿ ಕಡು ಚಹಾ. ಆಗ ಖಾಲ ಹಳೆಯ ದಿನಗಳ ಬಗ್ಗೆ ಹೇಳಿದರು. ಮಗ ಅರ್ಥವಾಗದ್ದನ್ನು ನಮ್ಮವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

ಕುವೈತ್ ನಗರದವರು ಒಂದು ಕಾಲದಲ್ಲಿ ಕುಡಿಯುವ ನೀರನ್ನು ಇರಾಕಿನ ಶತ್ತುಲ್ ಅರಬ್ ನದಿಯಿಂದ ಹಡಗಿನಲ್ಲಿ ತರಿಸುತ್ತಿದ್ದರು. 1953ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಬಂದ ಮೇಲಷ್ಟೇ ಆ ಕಷ್ಟ ತೀರಿದ್ದು. ಆದರೆ ಫೈಲಕಾದಲ್ಲಿ ಬಾವಿಗಳಿದ್ದವು. ಬಾವಿ ನೀರಿನಿಂದ ಗೋಧಿ, ಕಲ್ಲಂಗಡಿ, ತರಕಾರಿ ಬೆಳೆಯುತ್ತಿದ್ದರು. ಗಂಡಸರು ಮುತ್ತು ತೆಗೆಯಲೋ ಮೀನಿಗೋ ಹೋದರೆ ತೋಟ, ಮೇಕೆ, ಮನೆ ಎಲ್ಲವೂ ಹೆಂಗಸರ ಪಾಲಿಗೆ. "ನಗರದ ಹೆಂಗಸರು ನಮ್ಮನ್ನು ಹಳ್ಳಿಯವರೆಂದು ನಗುತ್ತಿದ್ದರು. ಆದರೆ ನಮ್ಮ ಬಾವಿಯಿತ್ತು, ನಮಗೇನು?" ಎನ್ನುವಾಗ ಖಾಲರ ಧ್ವನಿಯಲ್ಲಿ ಆ ಗರ್ವ ಇನ್ನೂ ಇತ್ತು.

"ಅವತ್ತು ಹೊರಡುವಾಗ ಏನು ಕೊಂಡು ಹೋದಿರಿ?" ಎಂದು ನಾನು ಕೇಳಿದೆ.

"ಮಕ್ಕಳನ್ನು" ಎಂದರು. ಮತ್ತೆ ಸ್ವಲ್ಪ ಹೊತ್ತಿನ ಬಳಿಕ, "ಮೇಕೆಗಳ ಹಗ್ಗ ಬಿಚ್ಚಿಬಿಟ್ಟೆ. ಕಟ್ಟಿಹಾಕಿ ಹೋಗುವುದು ಹೇಗೆ?" ಎಂದರು.

ಪರಿಹಾರದ ಹಣದಿಂದ ಒಳ್ಳೆಯ ಮನೆಯೇ ಆಯಿತು, ಅಲ್‌ಹಮ್ದುಲಿಲ್ಲಾಹ್, ದೂರೇನೂ ಇಲ್ಲ ಎಂದು ಮಗ ಹೇಳಿದ. ಖಾಲ ಅದಕ್ಕೆ ಎದುರಾಡಲಿಲ್ಲ. ನೆರೆಹೊರೆಯವರು ಮಾತ್ರ ಬೇರೆ ಬೇರೆ ಬಡಾವಣೆಗಳಿಗೆ ಹಂಚಿಹೋದರು, ಈಗ ಒಟ್ಟಾಗುವುದು ಮದುವೆಯಲ್ಲಿ ಅಥವಾ ಮಯ್ಯಿತ್‌ಗೆ ಎಂದರು. ನನಗೆ ಮಾವನವರ ನೆನಪಾಯಿತು. ಇರಾಕಿನ ತೈಲದ ಹಣದಿಂದ ವಿಶ್ವಸಂಸ್ಥೆಯ ಆಯೋಗ ಯುದ್ಧದಲ್ಲಿ ನಷ್ಟವಾದವರಿಗೆ ಪರಿಹಾರ ಹಂಚಿತು. ಕೊನೆಯ ಕಂತು 2022ರಲ್ಲಿ ಮುಗಿಯಿತು, ಒಟ್ಟು 5,240 ಕೋಟಿ ಡಾಲರ್. ಕುವೈತ್ ಬಿಟ್ಟು ಓಡಿಬಂದ ಕೆಲಸಗಾರರಿಗೂ ಇಂತಿಷ್ಟೆಂದು ನಿಗದಿಯಾಗಿತ್ತು. ವರ್ಷಗಳ ಬಳಿಕ ಮಾವನವರಿಗೂ ಒಂದು ಚೆಕ್ ಬಂತು. ಅದರಿಂದ ಊರಿನ ಮನೆಗೆ ಹೆಂಚು ತೆಗೆದು ತಾರಸಿ ಹಾಕಿಸಿದರು. ಅರ್ಜಿಯಲ್ಲಿ ಹೊಲಿಗೆ ಯಂತ್ರ, ಕತ್ತರಿ, ಬಟ್ಟೆಯ ಥಾನುಗಳ ಲೆಕ್ಕವಿತ್ತು. ಹದಿನಾಲ್ಕು ವರ್ಷದ ಗಿರಾಕಿಗಳನ್ನು ಬರೆಯುವ ಕಾಲಮ್ ಇರಲಿಲ್ಲ ಎಂದು ಅವರು ನಗುತ್ತಾ ಹೇಳುವುದುಂಟು.

ಅಸರ್‌ಗೆ ಮೊದಲು ಸಮಯವಿದ್ದುದರಿಂದ ಪುರಾತನ ಅವಶೇಷಗಳನ್ನೂ ನೋಡಿ ಬಂದೆವು. ಊರಿಗೆ ಹತ್ತಿರದಲ್ಲೇ ಇವೆ. ಕ್ರಿಸ್ತಪೂರ್ವ 2000ದ ಆಸುಪಾಸಿನಲ್ಲಿ ಫೈಲಕಾ ದಿಲ್ಮುನ್ ಎಂಬ ವ್ಯಾಪಾರಿ ನಾಡಿನ ಭಾಗವಾಗಿತ್ತು. ಬಹರೈನ್ ಅದರ ಕೇಂದ್ರ. ಇರಾಕಿನ ಪ್ರಾಚೀನ ನಗರಗಳಿಗೂ ನಮ್ಮ ಸಿಂಧೂ ಕಣಿವೆಗೂ ನಡುವೆ ತಾಮ್ರ, ಮರ, ಮಣಿಗಳ ವ್ಯಾಪಾರ ಇದೇ ದಾರಿಯಲ್ಲಿ ಸಾಗುತ್ತಿತ್ತು. 1958ರಿಂದ ಡೆನ್ಮಾರ್ಕಿನ ತಜ್ಞರು ಇಲ್ಲಿ ಅಗೆದಾಗ ನಾಣ್ಯದಷ್ಟಗಲದ ನೂರಾರು ಕಲ್ಲಿನ ಮುದ್ರೆಗಳು ಸಿಕ್ಕಿದವು. ವರ್ತಕರು ತಮ್ಮ ಸರಕಿನ ಮೇಲೆ ಒತ್ತುತ್ತಿದ್ದ ಮುದ್ರೆಗಳು. ಆ ಮೇಲೆ ಗ್ರೀಕರು ಬಂದರು. ಅಲೆಕ್ಸಾಂಡರ್ ಈ ದ್ವೀಪಕ್ಕೆ ತನ್ನ ಕಡೆಯ ಒಂದು ದ್ವೀಪದ ನೆನಪಿನಲ್ಲಿ ಇಕಾರೋಸ್ ಎಂದು ಹೆಸರಿಟ್ಟನೆಂದು ಅರಿಯನ್ ಎಂಬ ಚರಿತ್ರೆಕಾರ ಬರೆದಿದ್ದಾನೆ. ಗ್ರೀಕರ ಕೋಟೆಯ ಅಡಿಪಾಯವನ್ನು ನಾವು ನೋಡಿದೆವು. ಹುಲ್ಲು ಬೆಳೆದ ಕಲ್ಲಿನ ಸಾಲುಗಳು. ದ್ವೀಪದ ನಡುಭಾಗದಲ್ಲಿ ಹಳೆಯ ಕ್ರೈಸ್ತ ಮಠವೊಂದರ ಅವಶೇಷವನ್ನು ಫ್ರೆಂಚ್ ತಜ್ಞರು 1989ರಲ್ಲಿ ಪತ್ತೆಹಚ್ಚಿದ್ದರು, ಮರುವರ್ಷವೇ ಯುದ್ಧ. ಸಂತಾನಕ್ಕಾಗಿ ಹರಕೆ ಹೊತ್ತ ಹೆಂಗಸರು ಬರುತ್ತಿದ್ದ, ಖಿದ್ರ್ (ಅ) ಅವರ ಹೆಸರಿನ ಗುಡಿಸಲಿನಂಥ ಸ್ಥಳವೊಂದು ಕಡಲಂಚಿನಲ್ಲಿತ್ತು. ಅದನ್ನು ಎಂದೋ ಕೆಡವಿದ್ದಾರೆ, ಹೆಸರು ಮಾತ್ರ ಆ ಜಾಗಕ್ಕೆ ಉಳಿದಿದೆ.

ಅಗೆತ ಇಂದಿಗೂ ಮುಂದುವರಿದಿದೆ. 2024ರಲ್ಲಿ ಕುವೈತ್ ಮತ್ತು ಡೆನ್ಮಾರ್ಕ್ ತಂಡಕ್ಕೆ ನಾಲ್ಕು ಸಾವಿರ ವರ್ಷ ಹಳೆಯ ಇನ್ನೊಂದು ದೇವಾಲಯದ ತಳಪಾಯ ಸಿಕ್ಕಿತು. ಸುದ್ದಿ ಓದಿದಾಗ ಸಂತೋಷವೇ ಆಯಿತು. ಆದರೆ ಅಂದು ಅಲ್ಲಿ ನಿಂತಾಗ ನನಗೊಂದು ವಿಚಿತ್ರ ಕಂಡಿತ್ತು. ನಾಲ್ಕು ಸಾವಿರ ವರ್ಷದ ಹಿಂದಿನ ಗೋಡೆಗೆ ಬೇಲಿಯಿದೆ, ಫಲಕವಿದೆ, ಮುಟ್ಟಬಾರದೆಂಬ ಎಚ್ಚರಿಕೆಯಿದೆ. ಹತ್ತೊಂಬತ್ತು ವರ್ಷದ ಹಿಂದೆ ಮಕ್ಕಳು ಆಡಿದ ಮನೆಗಳಿಗೆ ಅದೊಂದೂ ಇಲ್ಲ. ಪಿಕ್‌ನಿಕ್‌ಗೆ ಬಂದ ಹುಡುಗರು ಒಳಗೆ ನುಗ್ಗಿ ಗೋಡೆಯಲ್ಲಿ ತಮ್ಮ ಹೆಸರು ಬರೆದಿದ್ದಾರೆ. ಅರಬಿ, ಇಂಗ್ಲಿಷ್, ಮಲಯಾಳ ಎಲ್ಲವೂ ಇತ್ತು. ಕನ್ನಡ ಕಾಣಲಿಲ್ಲವೆಂದು ಸಮಾಧಾನಪಟ್ಟೆ.

ಸಂಜೆಯ ಫೆರ್ರಿಗೆ ಹೊರಡುವಾಗ ಖಾಲ ನನ್ನನ್ನು ಮನೆಯ ಹಿಂದೆ ಕರೆದೊಯ್ದರು. ಹಳೆಯ ಬಾವಿಯ ಪಕ್ಕ ಎರಡು ಮಾರು ಜಾಗದಲ್ಲಿ ಜರ್ಜೀರ್ ಸೊಪ್ಪು ಬೆಳೆದಿತ್ತು. ಅವರು ಬರದ ವಾರಗಳಲ್ಲಿ ದ್ವೀಪದಲ್ಲಿ ಕೆಲಸಕ್ಕಿರುವ ಬಂಗಾಳಿ ಹುಡುಗನೊಬ್ಬ ನೀರು ಹೊಯ್ಯುತ್ತಾನಂತೆ. ಮಂಡಿ ನೋವೆಂದು ಹೇಳುತ್ತಲೇ ಬಗ್ಗಿ, ಬೇರು ಕೀಳದಂತೆ ಉಗುರಿನಿಂದ ಚಿವುಟಿ, ಎರಡು ಕಟ್ಟು ಮಾಡಿದರು. ಒಂದು ತಮ್ಮ ಸೊಸೆಗೆ, ಒಂದು ನನಗೆ. "ಅಂಗಡಿಯದ್ದು ನೀರಿನ ಹಾಗಿರುತ್ತದೆ, ಇದನ್ನು ತಿಂದು ನೋಡು" ಎಂದರು.

ಅವರು ಆ ರಾತ್ರಿ ದ್ವೀಪದಲ್ಲೇ ಉಳಿದರು. ಫೆರ್ರಿ ಹೊರಟಾಗ ಕತ್ತಲಾಗುತ್ತಿತ್ತು. ಝೋರ್‌ನ ಮನೆಗಳ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ದೀಪ ಹೊತ್ತಿತು, ಲೆಕ್ಕ ಹಾಕಿದರೆ ಏಳೋ ಎಂಟೋ. ಮಕ್ಕಳು ನಿದ್ದೆ ಹೋದರು.

ಮನೆಗೆ ಬಂದು ಜರ್ಜೀರನ್ನು ಮೂರು ನೀರಿನಲ್ಲಿ ತೊಳೆದೆ. ರಾತ್ರಿ ಉಳಿದ ಪತ್ತಿರ್ ಜೊತೆ ಹಸಿಯಾಗಿಯೇ ತಿಂದೆವು. ಸಾಸಿವೆಯಂಥ ಘಾಟು, ಸ್ವಲ್ಪ ಕಹಿ, ನಿಂಬೆ ಹಿಂಡಿದರೆ ಹಿತ. ಮೂರು ನೀರಿನಲ್ಲಿ ತೊಳೆದರೂ ಹಲ್ಲಿಗೆ ಸಣ್ಣಗೆ ಮರಳು ಸಿಗುತ್ತಿತ್ತು.